ಮೂರು ನಡುಗಡ್ಡೆ, ಒಂದು ಗಾಡಿದಾರಿ

(ಅಮೆರಿಕದ ಐಡಾಹೊ ರಾಜ್ಯದ ರಾಜಧಾನಿ ಬಾಯ್ಸಿಯ ಕನ್ನಡಿಗರ ವಾರಾಂತ್ಯದ ಕೂಟವೊಂದರಲ್ಲಿ ಆಡಿದ ಮಾತು. ಧ್ವನಿಮುದ್ರಣ ಕೇಳಿಕೊಂಡು ಬರೆದದ್ದು.)

ಶೋಶೋನಿ ಜಲಪಾತ ನೋಡದವರು ಈ ಕೋಣೆಯಲ್ಲಿ ಯಾರೂ ಇರಲಿಕ್ಕಿಲ್ಲ. ಊರಿನಿಂದ ಅಪ್ಪ ಅಮ್ಮ ಬಂದರು ಅಂದರೆ ಎರಡನೇ ವಾರಾಂತ್ಯಕ್ಕೆ ಕಾರು ಐ-84 ಹತ್ತಿ ಟ್ವಿನ್ ಫಾಲ್ಸ್ ಕಡೆಗೆ ಹೊರಟೇ ಹೊರಡುತ್ತದೆ. ಆ ದಾರಿಯಲ್ಲಿ ಮೌಂಟನ್ ಹೋಮ್ ದಾಟಿದ ಮೇಲೆ, ಇಲ್ಲಿಂದ ಸುಮಾರು 70 ಮೈಲಿಗೆ, ಗ್ಲೆನ್ಸ್ ಫೆರಿ ಅಂತ ಒಂದು ಸಣ್ಣ ಊರಿನ ಬೋರ್ಡು ಬರುತ್ತದೆ. ಅದರ ಜೊತೆಗೇ ಇನ್ನೊಂದು: ಥ್ರೀ ಐಲೆಂಡ್ ಕ್ರಾಸಿಂಗ್ ಸ್ಟೇಟ್ ಪಾರ್ಕ್. ಮಕ್ಕಳಿಗೆ ಬಾತ್‌ರೂಮು ಅರ್ಜೆಂಟ್ ಆಗದಿದ್ದರೆ ನಮ್ಮವರು ಯಾರೂ ಅಲ್ಲಿ ಇಳಿಯುವುದಿಲ್ಲ.

ಇಳಿದರೆ ಏನು ಕಾಣುತ್ತದೆ? ಹುಲ್ಲುಹಾಸು, ನೆರಳು, ಡೇರೆ ಹಾಕಲು ಜಾಗ, ಸ್ನೇಕ್ ನದಿ, ನದಿಯ ನಡುವೆ ಸಾಲಾಗಿ ಮೂರು ನಡುಗಡ್ಡೆ. ಕರಾವಳಿ ಕಡೆಯವರು ಇಲ್ಲಿದ್ದರೆ ಅದನ್ನು ಕುದುರು ಅನ್ನುತ್ತೀರಿ. ಆಚೆ ದಡದಲ್ಲಿ ಬೋಳು ಗುಡ್ಡ. ಆ ಗುಡ್ಡವನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ, ಬಿಸಿಲು ಓರೆಯಾಗಿದ್ದಾಗ, ಮೇಲಿನಿಂದ ನೀರಿನ ಕಡೆಗೆ ಇಳಿದು ಬರುವ ಒಂದು ಗೀರು ಕಾಣಿಸುತ್ತದೆ. ಅದು ಗಾಡಿ ಇಳಿದ ಜಾಡು. 1843ರಿಂದ 1869ರವರೆಗೆ, ಒರೆಗಾನ್ ಟ್ರೇಲ್ ಎಂಬ ದಾರಿ ಹಿಡಿದು ಮಿಸೌರಿಯಿಂದ ಒರೆಗಾನ್‌ಗೆ ಹೊರಟ ವಲಸಿಗರ ಗಾಡಿಗಳು ಆ ಗುಡ್ಡ ಇಳಿದು ಇಲ್ಲೇ ಹೊಳೆಗೆ ಬಿದ್ದವು. ಪಾರ್ಕ್ ಆದದ್ದು 1971ರಲ್ಲಿ. ನಡುವಿನ ನೂರು ವರ್ಷ ಈ ಜಾಗವನ್ನು ಹೆಚ್ಚು ಕಡಿಮೆ ಯಾರೂ ಕೇಳಿರಲಿಲ್ಲ. ಅದರಿಂದಲೇ ಅದು ಉಳಿಯಿತು ಎನ್ನುವುದು ನನ್ನ ವಾದ. ಅಲ್ಲಿಗೆ ಬರುತ್ತೇನೆ. ಮೊದಲು ಗಾಡಿ.

ಸಿನಿಮಾ ನೋಡಿ ನಮಗೆ ತಲೆಯಲ್ಲಿ ಕುದುರೆ ಕೂತುಬಿಟ್ಟಿದೆ. ನಾಲ್ಕು ಕುದುರೆ ಕಟ್ಟಿದ ಬಿಳಿ ಬಟ್ಟೆಯ ಗಾಡಿ, ಧೂಳೆಬ್ಬಿಸಿಕೊಂಡು ಓಡುವುದು. ನಿಜದಲ್ಲಿ ಈ ಗಾಡಿಗಳನ್ನು ಎಳೆದದ್ದು ಬಹುಪಾಲು ಎತ್ತುಗಳು. ಓಡುವ ಮಾತೇ ಇಲ್ಲ, ದಿನಕ್ಕೆ ಹದಿನೈದು ಮೈಲಿ ಆದರೆ ಒಳ್ಳೆಯ ದಿನ. ಎತ್ತು ಅಗ್ಗ, ಸಿಕ್ಕಿದ ಹುಲ್ಲು ತಿಂದು ಬದುಕುತ್ತದೆ, ಹಸಿವಾದರೆ ಕೊನೆಗೆ ಅದನ್ನೇ ತಿನ್ನಬಹುದು ಅನ್ನುವುದು ಆ ಜನರ ಲೆಕ್ಕ. ನಮ್ಮ ಹಳ್ಳಿಯ ಕಮಾನು ಗಾಡಿಯನ್ನು ನೆನಪಿಸಿಕೊಳ್ಳಿ. ಅದಕ್ಕೆ ಇನ್ನೆರಡು ಗಾಲಿ ಸೇರಿಸಿ, ಎರಡು ಮೂರು ಜೊತೆ ಎತ್ತು ಕಟ್ಟಿ, ಒಳಗೆ ಒಂದು ಟನ್ ಸಾಮಾನು ತುಂಬಿ. ಹಿಟ್ಟು, ಹಂದಿಮಾಂಸ, ಕಾಫಿ, ನೇಗಿಲ ಗುಳ, ಬೀಜ. ಹಾಗಾಗಿ ಮನುಷ್ಯರಿಗೆ ಒಳಗೆ ಜಾಗ ಇರಲಿಲ್ಲ. ಕಾಯಿಲೆಯವರನ್ನು, ಎಳೆಮಕ್ಕಳನ್ನು ಬಿಟ್ಟರೆ ಉಳಿದವರೆಲ್ಲ ನಡೆದದ್ದೇ. ಸುಮಾರು 2,000 ಮೈಲಿ.

ಏಪ್ರಿಲ್ ಕೊನೆಗೆ, ಮೇ ಮೊದಲಿಗೆ, ಹುಲ್ಲು ಚಿಗುರಿದ ಮೇಲೆ ಮಿಸೌರಿ ಬಿಡುತ್ತಿದ್ದರು. ಅಲ್ಲಿಂದ ನಡೆದು ನಮ್ಮ ಈ ದಕ್ಷಿಣ ಐಡಾಹೊಗೆ ಬರುವ ಹೊತ್ತಿಗೆ ಆಗಸ್ಟ್ ಅಥವಾ ಸೆಪ್ಟೆಂಬರ್. ಇಲ್ಲಿಯ ಆಗಸ್ಟ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಎತ್ತುಗಳ ಎಲುಬು ಎಣಿಸಬಹುದಿತ್ತು. ಗಾಲಿಯ ಮರ ಒಣಗಿ ಸವೆದು ಕಬ್ಬಿಣದ ಪಟ್ಟಿ ಕಳಚುತ್ತಿತ್ತು. ಬಹಳ ದಿನದಿಂದ ಸ್ನೇಕ್ ನದಿಯ ದಕ್ಷಿಣ ದಡದಲ್ಲೇ ಬರುತ್ತಿದ್ದ ಇವರಿಗೆ ಈ ಮೂರು ನಡುಗಡ್ಡೆ ಕಂಡಾಗ ತೀರ್ಮಾನ ಮಾಡಬೇಕಾಗುತ್ತಿತ್ತು: ಇಲ್ಲಿ ಹೊಳೆ ದಾಟುವುದೋ, ದಾಟದೆ ಇದೇ ದಡದಲ್ಲಿ ಮುಂದುವರಿಯುವುದೋ.

ದಾಟಿದರೆ ಉತ್ತರದ ದಾರಿ. ಹತ್ತಿರ. ಮುಂದೆ ಬಾಯ್ಸಿ ನದಿ ಸಿಗುತ್ತದೆ. ಮರ, ಹುಲ್ಲು, ಸಿಹಿನೀರು. ಆದರೆ ಒಂದು ತೊಡಕು. ಮುಂದೆ ಫೋರ್ಟ್ ಬಾಯ್ಸಿಯ ಹತ್ತಿರ ಇದೇ ಸ್ನೇಕ್ ನದಿಯನ್ನು ಇನ್ನೊಮ್ಮೆ ದಾಟಿ ಪಶ್ಚಿಮಕ್ಕೆ ಹೋಗಬೇಕು. ಇದು ಈಗಿನ ಪಾರ್ಮಾ ಊರಿನ ಪಕ್ಕ ಬಾಯ್ಸಿ ನದಿ ಸ್ನೇಕ್ ಸೇರುವಲ್ಲಿದ್ದ, ತುಪ್ಪಳದ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯ ಹಳೆಯ ಕೋಟೆ, ನಮ್ಮ ಊರಿನ ಸೈನ್ಯದ ಕೋಟೆ ಬೇರೆ. ಅಂದರೆ ಎರಡು ಸಲ ಜೀವ ಕೈಯಲ್ಲಿ ಹಿಡಿಯಬೇಕು. ದಾಟದಿದ್ದರೆ ದಕ್ಷಿಣದ ದಾರಿ. ಒಂದು ಸಲವೂ ಸ್ನೇಕ್ ನದಿಗೆ ಇಳಿಯಬೇಕಾಗಿಲ್ಲ. ಆದರೆ ಅದು ಉದ್ದದ ದಾರಿ. ಲಾವಾ ಕಲ್ಲು, ಮರಳು, ಧೂಳು. ಎಲ್ಲಕ್ಕಿಂತ ಕಷ್ಟ ಏನೆಂದರೆ, ಎಷ್ಟೋ ಕಡೆ ನದಿ ಪಕ್ಕದಲ್ಲೇ ಹರಿಯುತ್ತದೆ, ಆದರೆ ನೂರಾರು ಅಡಿ ಕೆಳಗೆ, ಕಡಿದಾದ ಕಮರಿಯಲ್ಲಿ. ನೀರು ಕಣ್ಣಿಗೆ ಕಾಣುತ್ತದೆ, ಎತ್ತಿಗೆ ಸಿಗುವುದಿಲ್ಲ.

ಬಂದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ದಾಟಿದರು ಎನ್ನುವುದು ಅಂದಾಜು. ಉಳಿದವರು ನೀರನ್ನು ನೋಡಿ, ಬೇಡಪ್ಪ ಅಂದುಕೊಂಡು ದಕ್ಷಿಣದಲ್ಲೇ ಹೋದರು. ನೀರು ಏರಿದ್ದಾಗ ಅದು ತೀರ್ಮಾನವೂ ಅಲ್ಲ, ಬೇರೆ ದಾರಿಯೇ ಇರಲಿಲ್ಲ. 1840ರಿಂದ 1860ರವರೆಗೆ ಒರೆಗಾನ್‌ಗೆ ಹೋದವರು ಸುಮಾರು 53,000 ಅನ್ನುತ್ತಾರೆ ಇತಿಹಾಸಕಾರರು. ಅವರಲ್ಲಿ ಬಹುಪಾಲು ಜನರಿಗೆ ಈ ಪ್ರದೇಶದಲ್ಲಿ ಈ ಪ್ರಶ್ನೆ ಎದುರಾಗಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತೀತು. ಮೈಕ್ರಾನ್ ಕ್ಯಾಂಪಸ್ಸಿನ ಆಚೆ ಗುಡ್ಡದ ಮೇಲೆ ಬಾನ್‌ವಿಲ್ ಪಾಯಿಂಟ್ ಇದೆ. ಅಲ್ಲಿಂದ ಕೆಳಗಿಳಿದರೆ ನಮ್ಮ ಆಗ್ನೇಯ ಬಾಯ್ಸಿಯ ಬಡಾವಣೆಗಳ ಪಕ್ಕದಲ್ಲಿ ಒರೆಗಾನ್ ಟ್ರೇಲ್ ರಿಸರ್ವ್ ಇದೆ. ನಿಮ್ಮಲ್ಲಿ ಕೆಲವರು ಸಂಜೆ ವಾಕಿಂಗ್ ಹೋಗುವುದು ಅಲ್ಲೇ. ಅಲ್ಲಿ ಕಾಣುವ ಗಾಡಿ ಜಾಡು ದಾಟಿ ಬಂದವರದ್ದು. ಮೂರು ನಡುಗಡ್ಡೆಯಲ್ಲಿ ಹೆದರಿದವರು ಬಾಯ್ಸಿಯ ಮರಗಳನ್ನು ನೋಡಲೇ ಇಲ್ಲ. ಆ ರಿಸರ್ವ್‌ನಲ್ಲಿ ನಾಯಿ ಹಿಡಿದುಕೊಂಡು ನಡೆಯುವಾಗ ಇದೊಂದು ಗೊತ್ತಿರಲಿ.

ಈಗ ದಾಟಿದವರ ಕಥೆ. ಇಲ್ಲಿ ಮೊದಲು ಬರೆದಿಟ್ಟವರಲ್ಲಿ ಒಬ್ಬಳು ನಾರ್ಸಿಸಾ ವಿಟ್ಮನ್. 1836. ಮದುವೆಯಾಗಿ ಆರು ತಿಂಗಳು. ಗಂಡ ಮಾರ್ಕಸ್ ವಿಟ್ಮನ್ ವೈದ್ಯ, ಮಿಷನರಿ. ಜೊತೆಗೆ ಸ್ಪಾಲ್ಡಿಂಗ್ ದಂಪತಿ. ರಾಕಿ ಪರ್ವತ ದಾಟಿ ಬಂದ ಮೊದಲ ಬಿಳಿಯ ಹೆಂಗಸರು ಇವರಿಬ್ಬರು. ಜೊತೆಗಿದ್ದ ಗಾಡಿ ಮುರಿದು ಮುರಿದು ಆ ಹೊತ್ತಿಗೆ ಎರಡು ಗಾಲಿಯ ಬಂಡಿ ಆಗಿತ್ತು. ಹೊಳೆ ದಾಟುವ ಹಿಂದಿನ ದಿನ ಭಾರ ಇಳಿಸಬೇಕು ಅಂತ ಗಂಡ ಹೇಳುತ್ತಾನೆ. ಅಕ್ಕರೆಯ ತಂಗಿ ಹ್ಯಾರಿಯೆಟ್ ಕೊಟ್ಟ ಪುಟ್ಟ ಪೆಟ್ಟಿಗೆಯೊಂದು ಅವಳ ಬಳಿ ಇತ್ತು. ಅದನ್ನು ಬಿಡಬೇಕಾಯಿತು. ಆ ರಾತ್ರಿ ದಿನಚರಿಯಲ್ಲಿ ಪೆಟ್ಟಿಗೆಯನ್ನೇ ಮಾತಾಡಿಸುತ್ತಾಳೆ, ಪಾಪದ ಪೆಟ್ಟಿಗೆ, ನಿನ್ನನ್ನು ಇಲ್ಲಿ ಒಂಟಿಯಾಗಿ ಬಿಟ್ಟುಹೋಗಬೇಕಲ್ಲ ಎಂದು. ಓದುವಾಗ ಕರುಳು ಚುರುಕ್ ಅನ್ನುತ್ತದೆ. ಮರುದಿನದ ಪುಟ ತಿರುಗಿಸಿದರೆ, ಜೊತೆಯಲ್ಲಿದ್ದ ತುಪ್ಪಳದ ವ್ಯಾಪಾರಿಯೊಬ್ಬ ಪೆಟ್ಟಿಗೆಯನ್ನು ತಾನು ತರುತ್ತೇನೆ ಅಂದನಂತೆ, ನಿನ್ನೆ ಅಷ್ಟೆಲ್ಲ ಅತ್ತದ್ದು ದಂಡವಾಯಿತು ಅಂತ ಬರೆದಿದ್ದಾಳೆ! ಇಂಥ ಸಾಲುಗಳಿಗಾಗಿಯೇ ಹಳೆಯ ದಿನಚರಿ ಓದಬೇಕು. ನಂತರ ಕೂತು ಬರೆದ ಆತ್ಮಕಥೆಯಲ್ಲಿ ಇವು ಉಳಿಯುವುದಿಲ್ಲ.

ಹೊಳೆ ದಾಟಿದ್ದು ಆಗಸ್ಟ್ 13ಕ್ಕೆ. ಎರಡು ನಡುಗಡ್ಡೆಗಳಿಂದ ನದಿ ಮೂರು ಕವಲಾಗಿದೆ ಎಂದು ಅವಳು ಬರೆಯುತ್ತಾಳೆ. ಹೆಂಗಸರಿಬ್ಬರಿಗೂ ಗುಂಪಿನಲ್ಲೇ ಎತ್ತರದ ಕುದುರೆ ಆರಿಸಿ ಕೊಟ್ಟರು. ಮಾರ್ಕಸ್‌ನ ಬಂಡಿ ಮಾತ್ರ ಹೊಳೆಯಲ್ಲಿ ಮಗುಚಿತು. ಹೇಸರಗತ್ತೆಗಳು ಹಗ್ಗದಲ್ಲಿ ಸಿಕ್ಕಿಕೊಂಡು ತಲೆಕೆಳಗಾದವು, ಇನ್ನೇನು ಮುಳುಗಬೇಕು ಅನ್ನುವಾಗ ಹೇಗೋ ಎಳೆದು ಬಿಡಿಸಿದರು. ಇಷ್ಟನ್ನೂ ನೋಡಿದ ಮೇಲೆ ಅವಳು ಬರೆದದ್ದು ಇದು: ಹೊಳೆ ದಾಟುವುದೇ ಈ ಪ್ರಯಾಣದ ಅತಿ ಭಯಂಕರ ಭಾಗ ಅಂದುಕೊಂಡಿದ್ದೆ, ಈಗ ಎಂಥ ಹೊಳೆಯನ್ನಾದರೂ ಒಂಚೂರೂ ಹೆದರದೆ ದಾಟುತ್ತೇನೆ. ಅದೇ ಪುಟದಲ್ಲಿ ಇನ್ನೊಂದು ಉಪಾಯವನ್ನೂ ಹೇಳುತ್ತಾಳೆ. ಎಲ್ಕ್ ಎಂಬ ದೊಡ್ಡ ಜಿಂಕೆಯ ಚರ್ಮವನ್ನು ಮೈಮೇಲೆ ಹರಡಿಕೊಂಡು ಆದಷ್ಟು ಅಗಲವಾಗಿ ಮೈಚಾಚಬೇಕು, ಇಲ್ಲಿಯ ಮೂಲನಿವಾಸಿ ಹೆಂಗಸರು ನಮ್ಮನ್ನು ನೀರಿನ ಮೇಲೆ ಬಿಟ್ಟು, ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಈಜುತ್ತಾ ಎಳೆದುಕೊಂಡು ಹೋಗುತ್ತಾರೆ. ಗಂಡ ಹಾಗೆ ದಾಟಿದ್ದಾನಂತೆ, ಅವಳು ದಾಟಿಲ್ಲ.

ಆ ಸಾಲನ್ನು ಓದಿ ಮುಂದೆ ಹೋಗಬೇಡಿ. ಯಾರು ಎಳೆದದ್ದು? ಹೊಳೆ ಗೊತ್ತಿದ್ದವರು. ಈ ಜಾಗದ ಕಥೆಯಲ್ಲಿ ಪ್ರತಿಯೊಂದು ಕಡೆಯೂ ಇದು ಬರುತ್ತದೆ.

1843ಕ್ಕೆ ಬನ್ನಿ. ಸುಮಾರು ಸಾವಿರ ಜನರ ದೊಡ್ಡ ಗುಂಪು. ಮುಂದೆ ಗಾಡಿ ಹೋಗುವುದಿಲ್ಲ, ಇಲ್ಲೇ ಬಿಟ್ಟು ಕುದುರೆಯ ಮೇಲೆ ಹೋಗಿ ಎಂದು ದಾರಿಯಲ್ಲಿದ್ದ ಫೋರ್ಟ್ ಹಾಲ್ ಎಂಬ ವ್ಯಾಪಾರದ ಕೋಟೆಯಲ್ಲಿ ಬುದ್ಧಿ ಹೇಳಿದರು. ಅದೇ ಮಾರ್ಕಸ್ ವಿಟ್ಮನ್ ಪೂರ್ವಕ್ಕೆ ಹೋಗಿದ್ದವನು ಇವರ ಜೊತೆ ವಾಪಸ್ಸು ಬರುತ್ತಿದ್ದ. ಹೋಗುತ್ತದೆ, ತನ್ನಿ ಅಂದ. ಸೆಪ್ಟೆಂಬರ್ ಎರಡನೇ ವಾರ ಅವರು ಈ ಗುಡ್ಡ ಇಳಿದರು. ಗಾಡಿಗಳು ಸಾಲುಗಟ್ಟಿ ಈ ಹೊಳೆಗೆ ಇಳಿದದ್ದು ಅದೇ ಮೊದಲು.

ವಿಲಿಯಂ ನ್ಯೂಬಿ ಎನ್ನುವವನ ದಿನಚರಿ ಇದೆ. ಕಾಗುಣಿತ ನೆಟ್ಟಗಿಲ್ಲ, ಆದರೆ ಕಣ್ಣು ಚುರುಕು. ಮೊದಲ ನಡುಗಡ್ಡೆಗೆ, ಅಲ್ಲಿಂದ ಎರಡನೆಯದಕ್ಕೆ ಹೋಗುವುದು ಅಷ್ಟೊಂದು ಕಷ್ಟವಲ್ಲ. ಎರಡನೆಯದರಿಂದ ಉತ್ತರ ದಡಕ್ಕೆ ಹೋಗುವ ಕವಲೇ ಆಳ, ಅದೂ ಸೆಳವಿಗೆ ಎದುರಾಗಿ ಸಾಗಬೇಕು. ಅಲ್ಲಿ ಗಾಡಿಗಳನ್ನು ಒಂದರ ಹಿಂದೆ ಒಂದು ಸರಪಳಿಯಿಂದ ಬಿಗಿದರು. ಹಿಂದಿನ ಗಾಡಿಯ ಮುಂದಿನ ಜೊತೆ ಎತ್ತಿನ ನೊಗದ ಬಳೆಗೆ ಸರಪಳಿ, ಅದರ ಇನ್ನೊಂದು ತುದಿ ಮುಂದಿನ ಗಾಡಿಗೆ. ಒಂದೇ ಸಾಲಿಗೆ ಹದಿನೈದು ಗಾಡಿಗಳವರೆಗೆ ಕಟ್ಟಿದ್ದುಂಟು. ಒಂದು ಜೊತೆ ಎತ್ತಿನ ಕಾಲು ತಪ್ಪಿದರೂ ಉಳಿದವು ಎಳೆದು ನಿಲ್ಲಿಸುತ್ತವೆ. ಆಳದಲ್ಲಿ ನೀರು ಗಾಡಿಯ ತಳದಿಂದ ಹತ್ತು ಇಂಚು ಮೇಲೆ ಬಂತು ಎಂದು ಬರೆದಿದ್ದಾನೆ. ಹತ್ತು ಇಂಚು ಹಿಟ್ಟಿನ ಮೂಟೆಗೆ ಸಾಕು. ಅದಕ್ಕೇ ಗಾಡಿಯ ಪೆಟ್ಟಿಗೆಯ ಕೆಳಗೆ ಮರದ ದಿಮ್ಮಿ ಕೊಟ್ಟು ಎತ್ತರಿಸುವುದು, ಸಂದಿಗೆ ಟಾರು ಮೆತ್ತುವುದು ಇದೆಲ್ಲ.

ಆ ಗುಂಪಿನಲ್ಲಿ ಮೈಲ್ಸ್ ಏಯರ್ಸ್ ಅಂತ ಒಬ್ಬ. ಹೆಂಡತಿ, ಮಕ್ಕಳೊಂದಿಗೆ ಬಂದವನು. ಹಾಯುವ ದಾರಿಯಿಂದ ಸ್ವಲ್ಪ ಕೆಳಕ್ಕೆ ಸರಿದ, ಆಳಕ್ಕೆ ಬಿದ್ದ, ಮುಳುಗಿದ. ಟ್ರೇಲ್‌ನಲ್ಲಿ ಅತಿ ಹೆಚ್ಚು ಜನರನ್ನು ಕೊಂದದ್ದು ಕಾಲರಾ. ಆದರೆ ಹೊಳೆಗಳಲ್ಲಿ ಮುಳುಗಿ ಸತ್ತವರ ಲೆಕ್ಕವೂ ನೂರುಗಳಲ್ಲಿದೆ. ಸಿನಿಮಾದಲ್ಲಿ ಬಾಣ ತೋರಿಸುತ್ತಾರೆ, ನೀರಿನ ಅಪಾಯವೂ ಕಡಿಮೆ ಇರಲಿಲ್ಲ.

ಮೂರು ವಾರದ ನಂತರ, ಅಕ್ಟೋಬರ್ 3ಕ್ಕೆ, ಅಮೆರಿಕದ ಸೈನ್ಯದ ಜಾನ್ ಫ್ರೆಮಾಂಟ್ ಬಂದ. ಸರ್ಕಾರಿ ಸರ್ವೆ, ಒಳ್ಳೆಯ ಸಾಮಾನು, ತರಬೇತಿಯ ಜನ. ಜೊತೆಗೆ ಒಂದು ಫಿರಂಗಿ ಬೇರೆ. ಸರ್ವೆಗೆ ಫಿರಂಗಿ ಯಾಕೆ ಅಂತ ಆಗಲೇ ಮೇಲಧಿಕಾರಿಗಳು ತಲೆ ಕೆಡಿಸಿಕೊಂಡಿದ್ದರು. ದಾರಿ ತೋರಿಸಲು ಇಲ್ಲಿಯವನೇ ಒಬ್ಬನನ್ನು ಗೊತ್ತು ಮಾಡಿಕೊಂಡು ಹೊಳೆಗಿಳಿದರು. ಸೆಳವು ಫಿರಂಗಿಯನ್ನೇ ತಳ್ಳಿಕೊಂಡು ಹೋಯಿತು, ಹೇಸರಗತ್ತೆಗಳು ಮುಳುಗುವುದರಲ್ಲಿದ್ದವು, ಹಗ್ಗ ಕತ್ತರಿಸಿ ಉಳಿಸಿಕೊಂಡರು. ಕೊನೆಗೆ ರಬ್ಬರ್ ದೋಣಿಗೆ ಗಾಳಿ ತುಂಬಿ ದಾಟಿದರು. ಫ್ರೆಮಾಂಟ್ ತನ್ನ ವರದಿಯಲ್ಲಿ ಒಂದು ಒಳ್ಳೆಯ ವಿವರ ಕೊಡುತ್ತಾನೆ: ವಲಸಿಗರು ಎರಡು ಭಾರದ ಗಾಡಿಗಳನ್ನು ಪಕ್ಕಪಕ್ಕಕ್ಕೆ ನಿಲ್ಲಿಸಿ, ಸೆಳವಿಗೆ ಅಷ್ಟು ತೂಕ ಅಡ್ಡ ಕೊಟ್ಟು ದಾಟಿದ್ದರಂತೆ. ಸೈನ್ಯದ ಸರ್ವೆಯವರಿಗೆ ಆಗದ್ದನ್ನು ಮಿಸೌರಿಯ ರೈತರು ಮಾಡಿದ್ದರು. ಆ ಫಿರಂಗಿ ಹೊಳೆಪಾಲಾಗದೆ ಬಚಾವಾಯಿತು ನಿಜ, ಆದರೆ ಅದರ ಆಯಸ್ಸು ಜಾಸ್ತಿ ಇರಲಿಲ್ಲ. ನಾಲ್ಕು ತಿಂಗಳ ನಂತರ ಸಿಯೆರಾ ನೆವಾಡಾದ ಹಿಮದಲ್ಲಿ ಬಿಟ್ಟುಹೋದರು.

ಈಗ ಆ ದಾರಿ ತೋರಿಸಿದವರು. ಈ ನಡುಗಡ್ಡೆಗಳು ಶೋಶೋನಿ ಮತ್ತು ಬ್ಯಾನಕ್ ಜನರ ನೆಲ. ಗಾಡಿಗಳು ಬಂದದ್ದು ಕಾಲು ಶತಮಾನ. ಅವರು ಇದ್ದದ್ದು ಸಾವಿರಾರು ವರ್ಷ, ಮತ್ತು ಇದ್ದದ್ದು ಮೀನಿಗಾಗಿ. ಪೆಸಿಫಿಕ್ ಸಮುದ್ರದಿಂದ ಸ್ಯಾಲ್ಮನ್ ಕೊಲಂಬಿಯಾ ನದಿ ಹತ್ತಿ, ಅಲ್ಲಿಂದ ಸ್ನೇಕ್ ಹಿಡಿದು ಇಲ್ಲಿಯವರೆಗೆ, ಇಲ್ಲಿಂದ ಮುಂದೆಯೂ ಬರುತ್ತಿತ್ತು. ನೀವೆಲ್ಲ ಫೋಟೊ ತೆಗೆಸಿಕೊಳ್ಳುವ ಶೋಶೋನಿ ಜಲಪಾತ ಇದೆಯಲ್ಲ, 212 ಅಡಿ, ನಯಾಗರಾಕ್ಕಿಂತ ಎತ್ತರ ಅಂತ ಬೋರ್ಡಿನಲ್ಲಿ ಬರೆದಿರುತ್ತದೆ, ಅದೇ ಸ್ಯಾಲ್ಮನ್‌ಗೆ ಕೊನೆಯ ಗೋಡೆ. ಅದರ ಕೆಳಗೆ ಇಡೀ ನದಿ ಮೀನಿನ ನದಿ. ವಲಸಿಗರ ದಿನಚರಿಗಳಲ್ಲಿ ಈ ಭಾಗಕ್ಕೆ ಬಂದ ಕೂಡಲೇ ಎಲ್ಲರೂ ಸ್ಯಾಲ್ಮನ್ ಬಗ್ಗೆ ಬರೆಯುತ್ತಾರೆ. ನಾಲ್ಕು ತಿಂಗಳು ಉಪ್ಪು ಹಂದಿಮಾಂಸ ತಿಂದವರಿಗೆ ತಾಜಾ ಮೀನು. ಒಂದು ಅಂಗಿ, ನಾಲ್ಕು ಗಾಳದ ಕೊಕ್ಕೆ, ಸ್ವಲ್ಪ ಮದ್ದುಗುಂಡು ಕೊಟ್ಟು ಕೊಳ್ಳುತ್ತಿದ್ದರು.

ಮೊದಮೊದಲು ಇದು ಎರಡು ಕಡೆಯವರಿಗೂ ಲಾಭದ ಸಂತೆಯೇ ಆಗಿತ್ತು. ದನಕರು ಸಾವಿರಗಟ್ಟಲೆ ಬಂದು ದಾರಿಯುದ್ದದ ಹುಲ್ಲು ಬೋಳಿಸಿದ ಮೇಲೆ ಮನಸ್ಸು ಕೆಟ್ಟಿತು. 1854ರಲ್ಲಿ ಬಾಯ್ಸಿ ನದಿಯ ದಡದಲ್ಲಿ ವಾರ್ಡ್ ಎಂಬ ವಲಸಿಗರ ಗುಂಪಿನ ಕೊಲೆ ನಡೆಯಿತು. 1860ರಲ್ಲಿ ದಕ್ಷಿಣದ ದಾರಿಯಲ್ಲಿ ಅಟರ್ ಗುಂಪು, 44 ಜನ. ದಾಳಿಯಲ್ಲಿ ಕೆಲವರು, ಆಮೇಲೆ ಹಸಿವಿನಲ್ಲಿ ಉಳಿದವರು ಸತ್ತು, ಬದುಕಿದವರು ಅರ್ಧಕ್ಕಿಂತ ಕಡಿಮೆ. ಈ ಎರಡನ್ನೂ ಎಲ್ಲರೂ ಹೇಳುತ್ತಾರೆ. 1863ರ ಜನವರಿಯಲ್ಲಿ ಬೇರ್ ನದಿಯ ದಡದಲ್ಲಿ ಅಮೆರಿಕದ ಸೈನ್ಯ ಶೋಶೋನಿಗಳ ಚಳಿಗಾಲದ ಹಟ್ಟಿಗೆ ನುಗ್ಗಿ ಹೆಂಗಸರು ಮಕ್ಕಳು ಸೇರಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದನ್ನು ಅದೇ ಉಸಿರಿನಲ್ಲಿ ಹೇಳುವವರು ಕಡಿಮೆ. ಇಲ್ಲಿ ಸತ್ತವರ ಸಂಖ್ಯೆಯನ್ನು ಆ ಎರಡು ಘಟನೆಗಳ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಅದೇ ದಶಕದ ಕೊನೆಗೆ ಶೋಶೋನಿ-ಬ್ಯಾನಕ್ ಜನರನ್ನು ಫೋರ್ಟ್ ಹಾಲ್ ರಿಸರ್ವೇಶನ್ನಿಗೆ ಸಾಗಿಸುವುದು ಶುರುವಾಯಿತು.

1869ಕ್ಕೆ ಬರೋಣ. ಅದೇ ವರ್ಷ ಯೂಟಾದಲ್ಲಿ ಪೂರ್ವ ಪಶ್ಚಿಮದ ರೈಲು ಹಳಿಗಳು ಒಂದಾದವು. ದೇಶದ ಆ ತುದಿಯಿಂದ ಈ ತುದಿಗೆ ಹೋಗಲು ಐದು ತಿಂಗಳು ಎತ್ತಿನ ಹಿಂದೆ ನಡೆಯಬೇಕಾಗಿಲ್ಲ. ಹಾಗಂತ ಈ ಕಡೆ ಗಾಡಿ ನಿಲ್ಲಲಿಲ್ಲ. 1862ರಲ್ಲಿ ಬಾಯ್ಸಿಯ ಮೇಲಿನ ಗುಡ್ಡಗಳಲ್ಲಿ ಚಿನ್ನ ಸಿಕ್ಕಿತ್ತು, ಮರುವರ್ಷ ನಮ್ಮ ಊರು ಹುಟ್ಟಿತ್ತು, ಗಣಿಗೆ ಸಾಮಾನು ಬೇಕಿತ್ತು. ವಲಸಿಗರ ಗಾಡಿ ಹೋಗಿ ಸರಕಿನ ಗಾಡಿ ಬಂತು. ಸರಕಿನವನಿಗೆ ಹೊಳೆಯಲ್ಲಿ ಸಾಹಸ ಬೇಡ. ಗಸ್ ಗ್ಲೆನ್ ಎನ್ನುವವನು ಮೂರು ನಡುಗಡ್ಡೆಯಿಂದ ಸುಮಾರು ಎರಡು ಮೈಲಿ ಮೇಲಕ್ಕೆ ಹಾಯುದೋಣಿ ಕಟ್ಟಿದ. ದುಡ್ಡು ಕೊಡು, ಗಾಡಿ ಸಮೇತ ದಾಟು. ಆ ದಿನದಿಂದ ನಡುಗಡ್ಡೆಗಳ ನಡುವೆ ಎತ್ತು ಇಳಿಸುವವನು ಮೂರ್ಖ.

ಊರಿನ ಹೆಸರು ನೋಡಿ, ಗ್ಲೆನ್ಸ್ ಫೆರಿ. ಐವತ್ತು ಸಾವಿರ ಜನರ ದಾರಿಯಲ್ಲಿದ್ದ ನಡುಗಡ್ಡೆಗಳ ಹೆಸರು ಬರಲಿಲ್ಲ, ಒಬ್ಬ ದೋಣಿಯವನ ಹೆಸರು ಬಂತು. ಊರು ಬೆಳೆದದ್ದೂ ಆ ಕಡೆಗೇ. 1883ರಲ್ಲಿ ಒರೆಗಾನ್ ಶಾರ್ಟ್ ಲೈನ್ ರೈಲು ಬಂದಾಗ ಗ್ಲೆನ್ಸ್ ಫೆರಿ ರೈಲ್ವೆ ಊರಾಯಿತು, ಎಂಜಿನ್ ನಿಲ್ಲಿಸುವ, ರಿಪೇರಿ ಮಾಡುವ ಊರು. ಇದರಲ್ಲಿ ಒಂದು ತಮಾಷೆ ಇದೆ. ಆ ರೈಲು ನಮ್ಮ ಬಾಯ್ಸಿಗೆ ಬರಲೇ ಇಲ್ಲ, ರಾಜಧಾನಿಯನ್ನು ಪಕ್ಕಕ್ಕೆ ಬಿಟ್ಟು ಹೋಯಿತು. ಆಮೇಲೆ ನ್ಯಾಂಪಾದಿಂದ ಒಂದು ಕವಲು ಹಾಕಿ ಸಮಾಧಾನ ಮಾಡಿದರು. ಮುಖ್ಯ ಮಾರ್ಗದ ರೈಲು ಬಾಯ್ಸಿಗೆ ಬಂದದ್ದು 1925ರಲ್ಲಿ. ಗುಡ್ಡದ ಮೇಲಿನ ಡಿಪೋ ಆಗ ಕಟ್ಟಿದ್ದು. ಅಂದರೆ ನಲವತ್ತು ವರ್ಷ ಗ್ಲೆನ್ಸ್ ಫೆರಿಯವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದರು.

ಆಗ ನಡುಗಡ್ಡೆ ಕಡೆಯ ಜಾಗ ಏನಾಯಿತು? ಏನೂ ಆಗಲಿಲ್ಲ. ನಾನು ಮೊದಲೇ ಹೇಳಿದ ಮಾತು ಇದೇ. ಟ್ರೇಲ್‌ನ ಬೇರೆ ಹೆಸರಾಂತ ಜಾಗಗಳ ಗತಿ ನೋಡಿ. ಹಳೆಯ ಫೋರ್ಟ್ ಬಾಯ್ಸಿಯನ್ನು 1853ರ ಪ್ರವಾಹ ತಿಂದಿತು. ಅಮೆರಿಕನ್ ಫಾಲ್ಸ್ ಅಣೆಕಟ್ಟು 1927ರಲ್ಲಿ ಮುಗಿದಾಗ ಹಳೆಯ ಊರೇ ನೀರಿನ ಕೆಳಗೆ ಹೋಯಿತು. ಕೊಲಂಬಿಯಾದ ಸೆಲೈಲೊ ಜಲಪಾತ, ಖಂಡದಲ್ಲೇ ದೊಡ್ಡ ಮೀನಿನ ಸಂತೆ, 1957ರಲ್ಲಿ ಒಂದು ಬೆಳಗ್ಗೆ ಅಣೆಕಟ್ಟಿನ ಬಾಗಿಲು ಮುಚ್ಚಿದ ಕೆಲವೇ ಗಂಟೆಯಲ್ಲಿ ಮುಳುಗಿತು. ಒಳ್ಳೆಯ ಜಾಗ ಎಂದು ಹತ್ತು ಜನರಿಗೆ ಕಂಡರೆ ಅಲ್ಲಿ ಊರು ಬರುತ್ತದೆ, ಸೇತುವೆ ಬರುತ್ತದೆ, ಅಣೆಕಟ್ಟು ಬರುತ್ತದೆ, ಮೊದಲಿದ್ದದ್ದು ಹೋಗುತ್ತದೆ. ಮೂರು ನಡುಗಡ್ಡೆಗೆ ದೋಣಿಯವನು ಎರಡು ಮೈಲಿ ದೂರದಲ್ಲಿ ಅಂಗಡಿ ತೆರೆದದ್ದೇ ಅದೃಷ್ಟ. ರೈಲು ಆ ಊರಿಗೆ ಹೋಯಿತು, ಹೆದ್ದಾರಿ ಆ ಊರಿಗೆ ಹೋಯಿತು. ದಕ್ಷಿಣದ ಗುಡ್ಡ ಬೋಳು, ಬೇಸಾಯಕ್ಕೂ ಬಾರದು. ಉತ್ತರ ದಡ ಹೊಲ. ನೂರು ವರ್ಷ ಯಾರೂ ಮುಟ್ಟದ್ದಕ್ಕೆ ಜಾಡು ಉಳಿಯಿತು.

ನೆನಪಿಡಬೇಕು ಎಂದು ಒದ್ದಾಡಿದವನೂ ಒಬ್ಬ ಇದ್ದ. ಎಜ್ರಾ ಮೀಕರ್. 1852ರಲ್ಲಿ ಎಳೆಯ ಹೆಂಡತಿ, ಎಳೆಯ ಮಗುವಿನೊಂದಿಗೆ ಈ ದಾರಿಯಲ್ಲಿ ಬಂದವನು. ವಾಷಿಂಗ್ಟನ್ ರಾಜ್ಯದ ಕಡೆ ಬಿಯರ್‌ಗೆ ಹಾಕುವ ಹಾಪ್ಸ್ ಬೆಳೆದು ಶ್ರೀಮಂತನಾದ, ಬೆಳೆಗೆ ಹೇನು ಬಿದ್ದು ಕಳೆದುಕೊಂಡ. 1906ರಲ್ಲಿ, ಎಪ್ಪತ್ತೈದು ದಾಟಿದ ಮೇಲೆ, ಎರಡು ಎತ್ತು ಕಟ್ಟಿಕೊಂಡು ಅದೇ ದಾರಿಯಲ್ಲಿ ಹಿಂದಕ್ಕೆ, ಪೂರ್ವಕ್ಕೆ ಹೊರಟ. ಊರೂರಿನಲ್ಲಿ ನಿಂತು ಭಾಷಣ ಮಾಡುವುದು, ಚಂದಾ ಎತ್ತುವುದು, ಟ್ರೇಲ್ ಹೋದ ಕಡೆ ಕಲ್ಲು ನಿಲ್ಲಿಸುವುದು. ನಮ್ಮ ಬಾಯ್ಸಿಯ ಕ್ಯಾಪಿಟಲ್ ಆವರಣದಲ್ಲಿ ಅವನು ನಿಲ್ಲಿಸಿದ ಕಲ್ಲು ಇದೆ. ಶಾಲೆಯ ಮಕ್ಕಳು ಪುಡಿಕಾಸು ಕೊಟ್ಟು ಹಾಕಿಸಿದ್ದು. ಎತ್ತುಗಳ ಹೆಸರು ಟ್ವಿಸ್ಟ್ ಮತ್ತು ಡೇವ್. ಟ್ವಿಸ್ಟ್ ನೆಬ್ರಾಸ್ಕದಲ್ಲಿ ಸತ್ತಿತು. ಮುದುಕ ನಿಲ್ಲಲಿಲ್ಲ, ಬೇರೆ ಎತ್ತು ಕೊಂಡು ವಾಷಿಂಗ್ಟನ್ ಡಿ.ಸಿ.ವರೆಗೆ ಹೋಗಿ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಕಂಡ. 1924ರಲ್ಲಿ ಅದೇ ದಾರಿಯ ಮೇಲೆ ವಿಮಾನದಲ್ಲೂ ಹಾರಿದ, ತೊಂಬತ್ತು ದಾಟಿದ್ದ ಮನುಷ್ಯ. ನನಗೆ ಈತನ ಮೇಲೆ ಪ್ರೀತಿಯೂ ಇದೆ, ಸಣ್ಣ ತಕರಾರೂ ಇದೆ. ಅವನಿಗೆ ಗಾಡಿ ಬಂದ ನೆನಪು ಬೇಕಿತ್ತು; ಗಾಡಿ ಬಂದಾಗ ದಡದಲ್ಲಿ ನಿಂತಿದ್ದವರ ನೆನಪು ಕಲ್ಲಿಗೆ ಏರಲಿಲ್ಲ.

ಪಾರ್ಕ್ ಆದ ಏಳು ವರ್ಷಕ್ಕೆ, 1978ರಲ್ಲಿ, ಸಂಸತ್ತು ಇಡೀ ಒರೆಗಾನ್ ಟ್ರೇಲ್ ಅನ್ನು ರಾಷ್ಟ್ರೀಯ ಐತಿಹಾಸಿಕ ಮಾರ್ಗ ಮಾಡಿತು. ಆಮೇಲೆ, 1980ರ ದಶಕದ ಮಧ್ಯದಿಂದ, ಗ್ಲೆನ್ಸ್ ಫೆರಿಯ ಜನ ಒಂದು ಕೆಲಸ ಶುರುಮಾಡಿದರು. ಪ್ರತಿ ಆಗಸ್ಟಿನಲ್ಲಿ ಒಂದು ಶನಿವಾರ ನಿಜವಾದ ಗಾಡಿ, ನಿಜವಾದ ಪ್ರಾಣಿ ಕಟ್ಟಿ ಹೊಳೆ ದಾಟುವುದು. ಉತ್ತರ ದಡದ ತುಂಬ ಜನ. ಸುಮಾರು ಎರಡು ದಶಕ ಇದು ನಡೆಯಿತು. ಸಹಾಯಕ್ಕೆ ಮೋಟಾರು ದೋಣಿ ಇದ್ದರೂ ಹೊಳೆ ಮಾತ್ರ ನಿಜವಾದದ್ದು. ಅಪಾಯ ಜಾಸ್ತಿ ಎಂದು ಕೊನೆಗೆ ನಿಲ್ಲಿಸಿದರು. ನಿಲ್ಲಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಬೇಕಾದರೆ ಪಾರ್ಕಿನೊಳಗಿನ ಒರೆಗಾನ್ ಟ್ರೇಲ್ ಕೇಂದ್ರದಲ್ಲಿ ಒಂದು ಗಂಟೆ ಕಳೆಯಿರಿ, ಮೂಲನಿವಾಸಿಗಳ ಮತ್ತು ವಲಸಿಗರ ಎರಡೂ ಕಥೆ ಅಲ್ಲಿದೆ. ಮಕ್ಕಳಿಗೆ ಹೊರಗೆ ನಿಲ್ಲಿಸಿದ ಮಾದರಿ ಗಾಡಿ ಇದೆ.

(ಇಲ್ಲಿ ಸಭಿಕರೊಬ್ಬರು, ಆಗಸ್ಟಿನಲ್ಲಿ ಶೋಶೋನಿ ಜಲಪಾತದಲ್ಲೇ ನೀರಿರುವುದಿಲ್ಲವಲ್ಲ, ಕೆಳಗೆ ಗ್ಲೆನ್ಸ್ ಫೆರಿಯಲ್ಲಿ ದಾಟುವುದು ಅಷ್ಟು ಕಷ್ಟವೇ ಎಂದು ಕೇಳಿದರು.)

ಒಳ್ಳೆಯ ಪ್ರಶ್ನೆ. ಜಲಪಾತ ಒಣಗುವುದು ಇತ್ತೀಚಿನ ಸಂಗತಿ. ಅದರಿಂದ ಮೇಲಕ್ಕೆ ಮಿಲ್ನರ್ ಅಣೆಕಟ್ಟು ಇದೆ, 1905ರದ್ದು. ಬೇಸಿಗೆಯಲ್ಲಿ ಅಲ್ಲಿಂದ ನದಿಯ ನೀರನ್ನು ಬಹುಪಾಲು ಕಾಲುವೆಗೆ ತಿರುಗಿಸುತ್ತಾರೆ. ಆಲೂಗಡ್ಡೆ ಬೆಳೆಯುವುದು ಆ ನೀರಿನಲ್ಲಿ. ಗಾಡಿಗಳ ಕಾಲದಲ್ಲಿ ಅದು ಪೂರ್ತಿ ನದಿ. ಈಗಲೂ ಮೂರು ನಡುಗಡ್ಡೆಯಲ್ಲಿ ನೀರು ಕಡಿಮೆ ಇಲ್ಲ, ಯಾಕೆಂದರೆ ನಡುವೆ ಹ್ಯಾಗರ್ಮನ್ ಹತ್ತಿರ ಥೌಸಂಡ್ ಸ್ಪ್ರಿಂಗ್ಸ್ ಇದೆ. ಲಾವಾ ಕಲ್ಲಿನೊಳಗೆ ಇಳಿದ ನೀರು ಬಂಡೆಯ ಗೋಡೆಯಿಂದ ಚಿಮ್ಮಿ ನದಿ ಸೇರುತ್ತದೆ, ಒಣಗಿದ ನದಿ ಅಲ್ಲಿ ಮತ್ತೆ ತುಂಬುತ್ತದೆ. ದಯವಿಟ್ಟು ಯಾರೂ ನಡೆದು ದಾಟಿ ನೋಡೋಣ ಅಂತ ಇಳಿಯಬೇಡಿ. ದಡದಿಂದ ಸಮಾಧಾನವಾಗಿ ಕಾಣುವ ಸೆಳವು ಒಳಗೆ ಬೇರೆಯೇ.

(ಮತ್ತೊಬ್ಬರ ಪ್ರಶ್ನೆ: ಸ್ಯಾಲ್ಮನ್ ಈಗಲೂ ಬರುತ್ತದೆಯೇ?)

ಇಲ್ಲ. 1901ರಲ್ಲಿ ಕೆಳಗಡೆ ಸ್ವಾನ್ ಫಾಲ್ಸ್ ಅಣೆಕಟ್ಟು ಬಂತು. ಮೀನು ಹತ್ತಲು ಏಣಿ ಇಟ್ಟರು, ಸರಿಯಾಗಿ ಕೆಲಸ ಮಾಡಲಿಲ್ಲ. 1952ರಲ್ಲಿ ಸಿ.ಜೆ. ಸ್ಟ್ರೈಕ್. 1958ರಿಂದ 1967ರ ನಡುವೆ ಹೆಲ್ಸ್ ಕ್ಯಾನ್ಯನ್‌ನಲ್ಲಿ ಬ್ರೌನ್ಲಿ, ಆಕ್ಸ್‌ಬೋ, ಹೆಲ್ಸ್ ಕ್ಯಾನ್ಯನ್ ಎಂಬ ಮೂರು. ಅವುಗಳಲ್ಲಿ ಮೀನು ಮೇಲೆ ಬರಲು ದಾರಿಯೇ ಇಲ್ಲ. ನಾವು ಮನೆಯಲ್ಲಿ ಎಸಿ ಹಾಕುವ ಕರೆಂಟಿನಲ್ಲಿ ಒಂದು ಪಾಲು ಅಲ್ಲಿಂದ ಬರುತ್ತದೆ. ಬದಲಿಗೆ ಸಾಕಣೆ ಕೇಂದ್ರಗಳಲ್ಲಿ ಮರಿ ಮಾಡಿಸಿ ಬಿಡುತ್ತಾರೆ. ನವೆಂಬರಿನಲ್ಲಿ ಬಾಯ್ಸಿ ನದಿಯ ದಡದಲ್ಲಿ ಗಾಳ ಹಿಡಿದವರ ಗುಂಪು ನೋಡಿದ್ದೀರಲ್ಲ? ಹೆಲ್ಸ್ ಕ್ಯಾನ್ಯನ್ ಅಣೆಕಟ್ಟಿನ ಕೆಳಗೆ ಹಿ‌ಡಿದ ಸ್ಟೀಲ್‌ಹೆಡ್ ಎಂಬ, ಸ್ಯಾಲ್ಮನ್‌ನಂತೆಯೇ ಸಮುದ್ರಕ್ಕೆ ಹೋಗಿ ಬರುವ ಮೀನುಗಳನ್ನು ಫಿಶ್ ಅಂಡ್ ಗೇಮ್ ಇಲಾಖೆಯವರು ಟ್ಯಾಂಕರ್ ಲಾರಿಯಲ್ಲಿ ತುಂಬಿ ತಂದು ಊರೊಳಗೆ ಬಿಡುತ್ತಾರೆ. ಹಿಡಿಯಲು ಲೈಸೆನ್ಸ್ ಜೊತೆ ಬೇರೆ ಪರ್ಮಿಟ್ ಬೇಕು, ಯಾವಾಗ ಬಿಡುತ್ತಾರೆ ಎಂಬುದನ್ನು ಇಲಾಖೆಯೇ ಮುಂಚೆ ತಿಳಿಸುತ್ತದೆ.